ಅಮೆರಿಕದ ಪಾರ್ಟಿಗಳು: ನಮ್ಮವರು ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ಎಲೆಕ್ಷನ್ ಹತ್ರ ಬಂದಾಗಲೆಲ್ಲ ಊರಿಂದ ಫೋನ್ ಮಾಡೋ ಅಪ್ಪ ಅಮ್ಮ, ಇಲ್ಲಿಗೆ ಹೊಸದಾಗಿ ಬಂದವರು, ಸಿಟಿಜನ್‌ಶಿಪ್ ತಗೊಂಡು ಮೊದಲ ಸಲ ವೋಟ್ ಹಾಕೋಕೆ ಹೊರಟವರು, ಎಲ್ಲರೂ ಕೇಳೋದು ಹೆಚ್ಚುಕಮ್ಮಿ ಇದೇ ಪ್ರಶ್ನೆಗಳನ್ನ. ಅದಕ್ಕೆ ಒಂದೇ ಕಡೆ ಬರೆದಿಟ್ಟಿದ್ದೀನಿ. ಮೊದಲೇ ಒಂದು ಮಾತು ಹೇಳ್ಬಿಡ್ತೀನಿ. ನಮಗೆ ಪಾರ್ಟಿ ಅಂದ ತಕ್ಷಣ ತಲೆಗೆ ಬರೋದು ಹೈಕಮಾಂಡ್, ಬಿ ಫಾರ್ಮ್, ಪಕ್ಷಾಂತರ ನಿಷೇಧ ಕಾಯ್ದೆ. ಈ ಮೂರೂ ಇಲ್ಲಿ ಇಲ್ಲ. ಇದೊಂದನ್ನ ಮನಸ್ಸಲ್ಲಿ ಇಟ್ಕೊಂಡು ಓದಿದ್ರೆ ಇಲ್ಲಿನ ಸುದ್ದಿ ಅರ್ಧಕ್ಕರ್ಧ ತಾನಾಗೇ ಅರ್ಥ ಆಗುತ್ತೆ.

ಇಷ್ಟು ದೊಡ್ಡ ದೇಶದಲ್ಲಿ ಎರಡೇ ಪಾರ್ಟಿನಾ? ಕಾನೂನೇ ಹಾಗಿದೆಯಾ?

ಇಲ್ಲ, ಅಮೆರಿಕದ ಸಂವಿಧಾನದಲ್ಲಿ ಪಾರ್ಟಿಗಳ ವಿಷಯವೇ ಬರಲ್ಲ. ಜಾರ್ಜ್ ವಾಷಿಂಗ್ಟನ್ ಅಂತೂ 1796ರಲ್ಲಿ ಅಧಿಕಾರ ಬಿಡೋ ಮುಂಚೆ ಬರೆದ ವಿದಾಯದ ಸಂದೇಶದಲ್ಲಿ ಗುಂಪುಗಾರಿಕೆ ಬೇಡ ಅಂತ ಗಟ್ಟಿಯಾಗೇ ಎಚ್ಚರಿಸಿದ್ರು, ಆದ್ರೆ ಅವರ ಸಂಪುಟದಲ್ಲೇ ಇದ್ದ ಹ್ಯಾಮಿಲ್ಟನ್ ಒಂದು ಕಡೆ, ಜೆಫರ್ಸನ್ ಇನ್ನೊಂದು ಕಡೆ ಆಗಿ ಅಷ್ಟೊತ್ತಿಗಾಗಲೇ ಎರಡು ಬಣ ಹುಟ್ಟಿತ್ತು. ಈಗಿರೋ ಡೆಮಾಕ್ರಟಿಕ್ ಪಾರ್ಟಿ 1828ರ ಸುಮಾರಿಗೆ ಆಂಡ್ರೂ ಜಾಕ್ಸನ್ ಸುತ್ತ ಕಟ್ಟಿದ್ದು. ರಿಪಬ್ಲಿಕನ್ ಪಾರ್ಟಿ 1854ರದ್ದು, ಗುಲಾಮಗಿರಿ ಹೊಸ ಪ್ರದೇಶಗಳಿಗೆ ಹರಡಬಾರದು ಅನ್ನೋ ಹೋರಾಟದಲ್ಲಿ ಹುಟ್ಟಿದ್ದು.

ಬೇರೆ ಪಾರ್ಟಿಗಳೂ ಇವೆ, ಲಿಬರ್ಟೇರಿಯನ್, ಗ್ರೀನ್ ಹೀಗೆ. ಗೆಲ್ಲಲ್ಲ ಅಷ್ಟೇ. 1992ರಲ್ಲಿ ರಾಸ್ ಪೆರೋ ಅನ್ನೋ ಉದ್ಯಮಿ ಅಧ್ಯಕ್ಷ ಸ್ಥಾನಕ್ಕೆ ಸ್ವತಂತ್ರವಾಗಿ ನಿಂತು ದೇಶದ ಸುಮಾರು 19 ಪರ್ಸೆಂಟ್ ವೋಟ್ ತಗೊಂಡ್ರು, ಆದ್ರೆ ಒಂದೇ ಒಂದು ರಾಜ್ಯವೂ ಸಿಗಲಿಲ್ಲ, ಯಾಕಂದ್ರೆ ಹೆಚ್ಚುಕಮ್ಮಿ ಎಲ್ಲಾ ರಾಜ್ಯಗಳಲ್ಲೂ ಮೊದಲು ಬಂದವರಿಗೇ ಎಲ್ಲಾ. 2000ದಲ್ಲಿ ಗ್ರೀನ್ ಪಾರ್ಟಿಯ ರಾಲ್ಫ್ ನೇಡರ್ ಫ್ಲೋರಿಡಾದಲ್ಲಿ 97 ಸಾವಿರ ವೋಟ್ ತಗೊಂಡಿದ್ರು, ಅಲ್ಲಿ ರಿಪಬ್ಲಿಕನ್ ಬುಷ್ ಡೆಮಾಕ್ರಟ್ ಅಲ್ ಗೋರ್ ವಿರುದ್ಧ ಗೆದ್ದಿದ್ದು 537 ವೋಟಿನಿಂದ, ನೇಡರ್‌ಗೆ ಹೋದ ವೋಟಿಂದಲೇ ಗೋರ್ ಸೋತ್ರು ಅಂತ ಬಹಳ ಜನ ಅಂದ್ಕೊಂಡ್ರು. ಅವತ್ತಿಂದ ಮೂರನೇ ಪಾರ್ಟಿಗೆ ವೋಟ್ ಹಾಕೋಕೆ ಜನ ಹೆದರ್ತಾರೆ.

ಮೊದಲು ಬಂದವರೇ ಗೆಲ್ಲೋದು ನಮ್ಮಲ್ಲೂ ಇದೆಯಲ್ಲ, ಆದ್ರೂ ನಮ್ಮಲ್ಲಿ ಅಷ್ಟೊಂದು ಪಾರ್ಟಿ ಇವೆಯಲ್ಲ ಅಂತ ಕೇಳಬಹುದು. ನನ್ನ ಲೆಕ್ಕದಲ್ಲಿ ದೊಡ್ಡ ಕಾರಣ ಪ್ರೈಮರಿ, ಅಂದ್ರೆ ಪಾರ್ಟಿಯ ಕ್ಯಾಂಡಿಡೇಟ್ ಯಾರು ಅಂತ ವೋಟರ್‌ಗಳೇ ಆರಿಸೋ ಪಾರ್ಟಿಯೊಳಗಿನ ಚುನಾವಣೆ. ನಮ್ಮಲ್ಲಿ ಟಿಕೆಟ್ ಸಿಗದೇ ಇದ್ರೆ ಬಂಡಾಯ ನಿಲ್ತಾರೆ ಇಲ್ಲಾ ಹೊಸ ಪಾರ್ಟಿ ಕಟ್ತಾರೆ, ಇಲ್ಲಿ ಬಂಡಾಯಗಾರ ನೇರವಾಗಿ ಅದೇ ಪಾರ್ಟಿಯ ಪ್ರೈಮರಿಗೆ ನುಗ್ತಾನೆ, ಗೆದ್ರೆ ಪಾರ್ಟಿಯೇ ಅವನದು. ಜೊತೆಗೆ ಬ್ಯಾಲೆಟ್ ಮೇಲೆ ಹೆಸರು ಬರೋಕೆ ಎಷ್ಟು ಸಹಿ ಬೇಕು ಅನ್ನೋ ನಿಯಮ ಮಾಡೋದು ರಾಜ್ಯಗಳ ಶಾಸನಸಭೆ, ಅಲ್ಲಿ ಕೂತಿರೋದು ಈ ಎರಡು ಪಾರ್ಟಿಯವರೇ.

ಹೈಕಮಾಂಡ್ ಇಲ್ಲ ಅಂದ್ರೆ ಟಿಕೆಟ್ ಕೊಡೋದು ಯಾರು?

ವೋಟರ್‌ಗಳು. ಇದನ್ನ ಹೇಳಿದ್ರೆ ಊರಲ್ಲಿ ಯಾರೂ ಒಂದೇ ಸಲಕ್ಕೆ ನಂಬಲ್ಲ. ನವೆಂಬರ್‌ನ ದೊಡ್ಡ ಚುನಾವಣೆಗೆ ತಿಂಗಳುಗಟ್ಟಲೆ ಮುಂಚೆ ಪಾರ್ಟಿಯೊಳಗೇ ಒಂದು ಚುನಾವಣೆ ನಡೆಯುತ್ತೆ, ಅದೇ ಪ್ರೈಮರಿ. ಮಾಮೂಲಿಯಾಗಿ ಅದನ್ನ ನಡೆಸೋದೂ ಸರ್ಕಾರದ ಚುನಾವಣಾ ಅಧಿಕಾರಿಗಳೇ, ಅದೇ ಮತಗಟ್ಟೆ, ಅದೇ ಮೆಷಿನ್. ಅದರಲ್ಲಿ ಗೆದ್ದವರ ಹೆಸರು ನವೆಂಬರ್ ಬ್ಯಾಲೆಟ್ ಮೇಲೆ ಪಾರ್ಟಿ ಕ್ಯಾಂಡಿಡೇಟ್ ಅಂತ ಬರುತ್ತೆ. ಪಾರ್ಟಿಯ ರಾಷ್ಟ್ರೀಯ ಅಧ್ಯಕ್ಷರಿಗೆ ಆ ಮನುಷ್ಯನ ಮುಖ ನೋಡೋಕೆ ಇಷ್ಟ ಇಲ್ಲದೇ ಇದ್ರೂ ತಡೆಯೋಕೆ ಆಗಲ್ಲ.

ಮೊದಲಿಂದ ಹೀಗಿರಲಿಲ್ಲ. 1968ರಲ್ಲಿ ಡೆಮಾಕ್ರಟಿಕ್ ಪಾರ್ಟಿ ಶಿಕಾಗೋ ಅಧಿವೇಶನದಲ್ಲಿ ಹ್ಯೂಬರ್ಟ್ ಹಂಫ್ರೀನ ಅಧ್ಯಕ್ಷ ಸ್ಥಾನದ ಅಭ್ಯರ್ಥಿ ಮಾಡ್ತು, ಅವರು ಪ್ರೈಮರಿಗಳಿಗೆ ನಿಂತೇ ಇರಲಿಲ್ಲ, ನಾಯಕರು ಸೇರಿ ಆರಿಸಿದ್ದು. ಹೊರಗಡೆ ವಿಯೆಟ್ನಾಂ ಯುದ್ಧದ ವಿರುದ್ಧ ನಿಂತಿದ್ದ ಹುಡುಗರಿಗೆ ಪೊಲೀಸರು ಹೊಡೀತಿದ್ದಿದ್ದು ಟಿವಿಯಲ್ಲಿ ಇಡೀ ದೇಶ ನೋಡ್ತು. ಆ ಗಲಾಟೆ ಆದ್ಮೇಲೆ ನಿಯಮ ಬದಲಾಗಿ 1972ರಿಂದ ಪ್ರೈಮರಿಯೇ ಎಲ್ಲಾ ತೀರ್ಮಾನ ಮಾಡೋ ಹಾಗಾಯ್ತು, ರಿಪಬ್ಲಿಕನ್ನರೂ ಅದೇ ದಾರಿ ಹಿಡಿದ್ರು.

ನಮ್ಮ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ ಉದಾಹರಣೆ ತಗೊಳ್ಳಿ. ಮಿಷಿಗನ್‌ನಲ್ಲಿ ಉದ್ಯಮಿ, ರಾಜಕೀಯದಲ್ಲಿ ಹಿಂದೆ ಮುಂದೆ ಯಾರೂ ಇಲ್ಲ. 2018ರಲ್ಲಿ ಸೀದಾ ಗವರ್ನರ್ ಹುದ್ದೆಗೇ ಡೆಮಾಕ್ರಟಿಕ್ ಪ್ರೈಮರಿಗೆ ಇಳಿದ್ರು, ಸ್ವಂತ ದುಡ್ಡು ಸುರಿದ್ರು, ಮೂರನೇ ಸ್ಥಾನ ಬಂತು, ಗೆದ್ದಿದ್ದು ಗ್ರೆಚೆನ್ ವಿಟ್ಮರ್. 2020ರಲ್ಲಿ ಡೆಟ್ರಾಯ್ಟ್‌ನಿಂದ ರಾಜ್ಯದ ಶಾಸನಸಭೆಗೆ ನಿಂತು ಗೆದ್ರು. 2022ರಲ್ಲಿ ಕಾಂಗ್ರೆಸ್ (ಪಾರ್ಟಿ ಅಲ್ಲ, ಇಲ್ಲಿನ ಸಂಸತ್ತು, ಸೆನೆಟ್ ಅನ್ನೋದು ಅದರ ಮೇಲ್ಮನೆ) ಪ್ರೈಮರಿಯಲ್ಲಿ ಒಂಬತ್ತು ಜನ ಇದ್ರು, ವೋಟ್ ಹಂಚಿಹೋಯ್ತು, ಇವರು ಮುಂದೆ ಬಂದ್ರು, ಆ ಕ್ಷೇತ್ರದಲ್ಲಿ ಡೆಮಾಕ್ರಟಿಕ್ ಪ್ರೈಮರಿ ಗೆದ್ದ ಮೇಲೆ ನವೆಂಬರ್ ಗೆಲುವು ಕಷ್ಟ ಅಲ್ಲ. ಮೂರು ಸಲವೂ ಯಾರ ಮನೆ ಬಾಗಿಲಲ್ಲೂ ಬಿ ಫಾರ್ಮ್‌ಗೆ ಕಾಯಲಿಲ್ಲ. ದುಡ್ಡಿದ್ದವರಿಗೆ ಇದರಿಂದ ಅನುಕೂಲ ಜಾಸ್ತಿ ಅನ್ನೋದೂ ಇದರಲ್ಲೇ ಕಾಣುತ್ತೆ, ಅದನ್ನ ಮುಚ್ಚಿಡಬಾರದು.

ಹಾಗಾದ್ರೆ ದೊಡ್ಡ ನಾಯಕರೂ ಪ್ರೈಮರಿಯಲ್ಲಿ ಸೋಲ್ತಾರಾ?

ಸೋಲ್ತಾರೆ. 2014ರಲ್ಲಿ ಎರಿಕ್ ಕ್ಯಾಂಟರ್ ಕೆಳಮನೆಯಲ್ಲಿ ರಿಪಬ್ಲಿಕನ್ನರ ನಾಯಕ, ಮುಂದಿನ ಸ್ಪೀಕರ್ ಅಂತಲೇ ಎಲ್ಲರೂ ಅಂದ್ಕೊಂಡಿದ್ರು, ವರ್ಜೀನಿಯಾದಲ್ಲಿ ಡೇವ್ ಬ್ರ್ಯಾಟ್ ಅನ್ನೋ ಕಾಲೇಜು ಎಕನಾಮಿಕ್ಸ್ ಮೇಷ್ಟ್ರ ಎದುರು ಸೋತುಹೋದ್ರು. 2018ರಲ್ಲಿ ನ್ಯೂಯಾರ್ಕ್‌ನಲ್ಲಿ ಡೆಮಾಕ್ರಟ್ ಹಿರಿಯ ಜೋ ಕ್ರೌಲಿನ ಸೋಲಿಸಿದ್ದು ಬಾರ್‌ನಲ್ಲಿ ಕೆಲಸ ಮಾಡಿದ್ದ 28 ವರ್ಷದ ಅಲೆಕ್ಸಾಂಡ್ರಿಯಾ ಒಕಾಸಿಯೋ ಕಾರ್ಟೆಜ್. ಏಳು ಲಕ್ಷದ ಆಸುಪಾಸು ಜನ ಇರೋ ಕ್ಷೇತ್ರ, ಆ ಪ್ರೈಮರಿಯಲ್ಲಿ ಬಿದ್ದಿದ್ದು ಒಟ್ಟು 30 ಸಾವಿರಕ್ಕೂ ಕಮ್ಮಿ ವೋಟ್. ಈ ಸಂಖ್ಯೆ ನನ್ನ ತಲೆಯಿಂದ ಹೋಗೋದೇ ಇಲ್ಲ. ಅಷ್ಟು ಕಮ್ಮಿ ಜನ ಬಂದು ಕಾಂಗ್ರೆಸ್ ಸದಸ್ಯರನ್ನ ಆರಿಸಿಬಿಡ್ತಾರೆ, ಉಳಿದವರು ನವೆಂಬರ್‌ನಲ್ಲಿ ಬಂದು ಅದಕ್ಕೆ ಮುದ್ರೆ ಒತ್ತುತ್ತಾರೆ.

ಟ್ರಂಪ್ 2016ರಲ್ಲಿ ಬಂದಿದ್ದೂ ಇದೇ ದಾರಿಯಲ್ಲಿ, ಪಾರ್ಟಿಯ ಹಳೇ ನಾಯಕರಲ್ಲಿ ಬಹಳ ಜನಕ್ಕೆ ಅವರು ಬೇಡವಾಗಿದ್ರು. ಬರ್ನೀ ಸ್ಯಾಂಡರ್ಸ್ ಸೆನೆಟ್‌ನಲ್ಲಿ ಸ್ವತಂತ್ರ ಸದಸ್ಯ, ಆದ್ರೂ ಎರಡು ಸಲ ಅಧ್ಯಕ್ಷ ಸ್ಥಾನಕ್ಕೆ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ನಿಂತು ಎರಡನೇ ಸ್ಥಾನಕ್ಕೆ ಬಂದ್ರು.

ಪಾರ್ಟಿ ಮೆಂಬರ್ ಆಗೋದು ಹೇಗೆ? ಫೀಸ್ ಎಷ್ಟು?

ಫೀಸ್ ಇಲ್ಲ, ಕಾರ್ಡೂ ಇಲ್ಲ. ಸುಮಾರು 30 ರಾಜ್ಯಗಳಲ್ಲಿ ವೋಟರ್ ರಿಜಿಸ್ಟ್ರೇಷನ್ ಫಾರ್ಮ್‌ನಲ್ಲೇ ಪಾರ್ಟಿ ಯಾವುದು ಅಂತ ಒಂದು ಕಾಲಂ ಇರುತ್ತೆ, ಟಿಕ್ ಹಾಕಿದ್ರೆ ಆಯ್ತು. ಟೆಕ್ಸಾಸ್, ಜಾರ್ಜಿಯಾ, ವರ್ಜೀನಿಯಾ ಇಂಥ ಕಡೆ ಆ ಕಾಲಂ ಕೂಡ ಇಲ್ಲ, ಪ್ರೈಮರಿ ದಿನ ಹೋಗಿ ಯಾವ ಪಾರ್ಟಿ ಬ್ಯಾಲೆಟ್ ಬೇಕು ಅಂತ ಕೇಳಿ ತಗೋಬೇಕು, ಎರಡೂ ಕೊಡಲ್ಲ. ಕ್ಯಾಲಿಫೋರ್ನಿಯಾದಲ್ಲಿ 2012ರಿಂದ ಬೇರೇನೇ ಪದ್ಧತಿ, ಕಾಂಗ್ರೆಸ್ ಮತ್ತು ರಾಜ್ಯದ ಹುದ್ದೆಗಳಿಗೆ ಎಲ್ಲಾ ಪಾರ್ಟಿಯವರೂ ಒಂದೇ ಬ್ಯಾಲೆಟ್ ಮೇಲೆ, ಮೊದಲ ಇಬ್ಬರು ನವೆಂಬರ್‌ಗೆ ಹೋಗ್ತಾರೆ, ಆ ಇಬ್ಬರೂ ಒಂದೇ ಪಾರ್ಟಿಯವರಾದ್ರೂ ನಡೆಯುತ್ತೆ.

ನ್ಯೂಯಾರ್ಕ್, ಪೆನ್ಸಿಲ್ವೇನಿಯಾ, ಫ್ಲೋರಿಡಾದಲ್ಲಿ ಇರೋರು ಮಾತ್ರ ಇದನ್ನ ಸರಿಯಾಗಿ ಗಮನಿಸಿ. ಅಲ್ಲಿ ಪ್ರೈಮರಿ ಕ್ಲೋಸ್ಡ್, ಅಂದ್ರೆ ಪಾರ್ಟಿ ಕಾಲಂ ಖಾಲಿ ಬಿಟ್ರೆ ಆ ಪಾರ್ಟಿಯ ಪ್ರೈಮರಿಯಲ್ಲಿ ವೋಟ್ ಇಲ್ಲ. ನಮ್ಮವರು ಬಹಳ ಜನ ಯಾಕ್ ಬೇಕು ಈ ರಾಜಕೀಯ ಅಂತ ಆ ಕಾಲಂ ಖಾಲಿ ಬಿಡ್ತಾರೆ, ಆಮೇಲೆ ಪ್ರೈಮರಿ ದಿನ ಬಂದು ವಾಪಸ್ ಹೋಗ್ತಾರೆ.

ಎರಡೂ ಪಾರ್ಟಿಗೆ ನಿಜವಾಗ್ಲೂ ಏನು ವ್ಯತ್ಯಾಸ?

ಒಟ್ಟಾರೆ ಹೇಳೋದಾದ್ರೆ ಡೆಮಾಕ್ರಟ್‌ಗಳಿಗೆ ಸರ್ಕಾರ ಜಾಸ್ತಿ ಮಾಡ್ಬೇಕು, ಶ್ರೀಮಂತರು ಜಾಸ್ತಿ ಟ್ಯಾಕ್ಸ್ ಕಟ್ಬೇಕು, ಆರೋಗ್ಯ ವಿಮೆ ಎಲ್ಲರಿಗೂ ಸಿಗ್ಬೇಕು, ಕಾರ್ಮಿಕ ಸಂಘಗಳು ಗಟ್ಟಿ ಇರ್ಬೇಕು. ರಿಪಬ್ಲಿಕನ್ನರಿಗೆ ಟ್ಯಾಕ್ಸ್ ಕಮ್ಮಿ ಇರ್ಬೇಕು, ವ್ಯಾಪಾರದ ಮೇಲೆ ನಿಯಂತ್ರಣ ಕಮ್ಮಿ ಇರ್ಬೇಕು, ಗಡಿ ಬಿಗಿಯಾಗಿರ್ಬೇಕು, ವಾಷಿಂಗ್ಟನ್‌ಗಿಂತ ರಾಜ್ಯಗಳ ಕೈಯಲ್ಲಿ ಅಧಿಕಾರ ಇರ್ಬೇಕು. ಆದ್ರೆ ಈ ಪಟ್ಟಿ ಕಲ್ಲಲ್ಲಿ ಕೆತ್ತಿದ್ದಲ್ಲ. ಮುಕ್ತ ವ್ಯಾಪಾರ ರಿಪಬ್ಲಿಕನ್ನರ ಘೋಷಣೆ ಆಗಿತ್ತು, ರೇಗನ್ ಕಾಲದ್ದು, ಈಗ ಟ್ರಂಪ್ ಆಮದು ಸುಂಕ ಏರಿಸೋದು ಅದೇ ಪಾರ್ಟಿಯ ಮುಖ್ಯ ಕಾರ್ಯಕ್ರಮ.

ಗರ್ಭಪಾತದ ವಿಷಯದಲ್ಲಿ ಗೆರೆ ಸ್ಪಷ್ಟ ಇದೆ. 1973ರ ರೋ ತೀರ್ಪು ದೇಶಾದ್ಯಂತ ಆ ಹಕ್ಕು ಕೊಟ್ಟಿತ್ತು, 2022ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ತೆಗೆದುಹಾಕಿ ರಾಜ್ಯಗಳಿಗೆ ಬಿಡ್ತು. ಅಲ್ಲಿಂದ ನೀವಿರೋ ರಾಜ್ಯ ಯಾವ ಪಾರ್ಟಿ ಕೈಯಲ್ಲಿದೆ ಅನ್ನೋದು ಗರ್ಭಿಣಿ ಹೆಣ್ಣುಮಗಳು ಆಸ್ಪತ್ರೆಗೆ ಹೋದಾಗ ನೇರವಾಗಿ ತಟ್ಟೋ ವಿಷಯ ಆಗಿದೆ. ಟೆಕ್ಸಾಸ್‌ನಲ್ಲಿ ಹೆಚ್ಚುಕಮ್ಮಿ ಪೂರ್ತಿ ನಿಷೇಧ, ಕ್ಯಾಲಿಫೋರ್ನಿಯಾದಲ್ಲಿ ಆ ಹಕ್ಕನ್ನ ರಾಜ್ಯದ ಸಂವಿಧಾನಕ್ಕೇ ಸೇರಿಸಿದ್ದಾರೆ. ಪಾರ್ಟಿ ಯಾವುದಾದ್ರೇನು ಎಲ್ಲಾ ಒಂದೇ ಅನ್ನೋರಿಗೆ ನಾನು ಮೊದಲು ಇದನ್ನೇ ಹೇಳೋದು.

ಬಂದೂಕಿನ ವಿಷಯಕ್ಕೆ ನಮ್ಮ ಮಂಡ್ಯ ಜಿಲ್ಲೆಯ ಹಲ್ಲೇಗೆರೆ ಮೂಲದ ಡಾಕ್ಟರ್ ವಿವೇಕ್ ಮೂರ್ತಿ ಅವರ ಕಥೆ ನೋಡಿ. 2013ರ ನವೆಂಬರ್‌ನಲ್ಲಿ ಅಧ್ಯಕ್ಷ ಒಬಾಮ ಮೂರ್ತಿಯವರನ್ನ ಸರ್ಜನ್ ಜನರಲ್, ಅಂದ್ರೆ ಆರೋಗ್ಯದ ವಿಷಯದಲ್ಲಿ ಜನಕ್ಕೆ ಸಲಹೆ ಕೊಡೋ ಸರ್ಕಾರದ ಮುಖ್ಯ ಡಾಕ್ಟರ್, ಹುದ್ದೆಗೆ ಹೆಸರಿಸಿದ್ರು, ಇಂಥ ನೇಮಕಕ್ಕೆ ಸೆನೆಟ್ ಒಪ್ಪಿಗೆ ಬೇಕು. ಅದಕ್ಕೆ ಮುಂಚೆ ಅವರು ಬಂದೂಕು ಹಿಂಸೆ ಕೂಡ ಆರೋಗ್ಯದ ಸಮಸ್ಯೆ ಅಂತ ಟ್ವೀಟ್ ಮಾಡಿದ್ರು, ಬಂದೂಕು ಮಾಲೀಕರ ಸಂಘ ಎನ್‌ಆರ್‌ಎ ತಿರುಗಿಬಿತ್ತು. ಸೆನೆಟ್‌ನಲ್ಲಿ ಡೆಮಾಕ್ರಟ್‌ಗಳಿಗೇ ಬಹುಮತ ಇತ್ತು, ಆದ್ರೂ ಒಂದು ವರ್ಷಕ್ಕೂ ಮೇಲೆ ಕಾಯಿಸಿದ್ರು, ಯಾಕಂದ್ರೆ ಬಂದೂಕು ಪ್ರೀತಿಸೋ ರಾಜ್ಯಗಳಿಂದ ಗೆದ್ದಿದ್ದ ಕೆಲವು ಡೆಮಾಕ್ರಟ್ ಸೆನೆಟರ್‌ಗಳೇ 2014ರ ಚುನಾವಣೆ ಮುಗಿಯೋವರೆಗೂ ಹಿಂದೇಟು ಹಾಕಿದ್ರು. ಕೊನೆಗೆ 2014ರ ಡಿಸೆಂಬರ್‌ನಲ್ಲಿ 51ಕ್ಕೆ 43 ವೋಟಲ್ಲಿ ಪಾಸ್ ಆಯ್ತು. ಪಾರ್ಟಿ ಒಂದೇ ಆದ್ರೂ ವೆಸ್ಟ್ ವರ್ಜೀನಿಯಾದ ಡೆಮಾಕ್ರಟ್ ಬೇರೆ, ಮಸಾಚುಸೆಟ್ಸ್‌ನ ಡೆಮಾಕ್ರಟ್ ಬೇರೆ. ಈಗ ಅಂಥ ನಡುವಿನ ಜನ ಎರಡೂ ಕಡೆ ತುಂಬಾ ಕಮ್ಮಿ ಆಗಿದ್ದಾರೆ.

ಲಿಂಕನ್ ರಿಪಬ್ಲಿಕನ್ ಅಲ್ವಾ? ಮತ್ತೆ ಕಪ್ಪುವರ್ಣೀಯರು ಡೆಮಾಕ್ರಟ್‌ಗೆ ಯಾಕೆ ವೋಟ್ ಹಾಕೋದು?

ತುಂಬಾ ಒಳ್ಳೇ ಪ್ರಶ್ನೆ. ಲಿಂಕನ್ 1860ರಲ್ಲಿ ಗೆದ್ದ ಮೊದಲ ರಿಪಬ್ಲಿಕನ್ ಅಧ್ಯಕ್ಷ. ಅಂತರ್ಯುದ್ಧ ಆದ್ಮೇಲೆ ದಕ್ಷಿಣದ ಬಿಳಿಯರು ನೂರು ವರ್ಷ ಡೆಮಾಕ್ರಟ್‌ಗಳೇ ಆಗಿದ್ರು, ಬಸ್ಸಲ್ಲಿ ಬೇರೆ ಸೀಟು, ಬೇರೆ ಶಾಲೆ ಅನ್ನೋ ಕಾನೂನು ನಡೆಸಿದ್ದು ದಕ್ಷಿಣದ ಡೆಮಾಕ್ರಟ್ ಸರ್ಕಾರಗಳೇ. ಕಪ್ಪುವರ್ಣೀಯರು ಲಿಂಕನ್ ಪಾರ್ಟಿ ಬಿಟ್ಟು ಈ ಕಡೆ ಬರೋಕೆ ಶುರು ಮಾಡಿದ್ದು 1930ರ ದಶಕದಲ್ಲಿ, ಆರ್ಥಿಕ ಕುಸಿತದ ಸಮಯದಲ್ಲಿ ಡೆಮಾಕ್ರಟ್ ಅಧ್ಯಕ್ಷ ರೂಸ್‌ವೆಲ್ಟ್ ಕೆಲಸ, ಪೆನ್ಷನ್ ಕಾರ್ಯಕ್ರಮ ತಂದಾಗ.

ತಿರುವು ಬಂದಿದ್ದು 1964. ಟೆಕ್ಸಾಸ್‌ನ ಡೆಮಾಕ್ರಟ್ ಅಧ್ಯಕ್ಷ ಲಿಂಡನ್ ಜಾನ್ಸನ್ ನಾಗರಿಕ ಹಕ್ಕುಗಳ ಕಾಯ್ದೆಗೆ ಸಹಿ ಹಾಕಿದ್ರು. ಕಾಂಗ್ರೆಸ್‌ನಲ್ಲಿ ಅದಕ್ಕೆ ವೋಟ್ ಹಾಕಿದವರ ಪ್ರಮಾಣ ನೋಡಿದ್ರೆ ಡೆಮಾಕ್ರಟ್‌ಗಳಿಗಿಂತ ರಿಪಬ್ಲಿಕನ್ನರಲ್ಲೇ ಜಾಸ್ತಿ, ಇದನ್ನ ಯಾವತ್ತೂ ಮರೀಬಾರದು. ಆದ್ರೆ ಅದೇ ವರ್ಷ ರಿಪಬ್ಲಿಕನ್ ಅಭ್ಯರ್ಥಿಯಾದ ಬ್ಯಾರಿ ಗೋಲ್ಡ್‌ವಾಟರ್ ಆ ಕಾಯ್ದೆ ವಿರುದ್ಧ ವೋಟ್ ಹಾಕಿದ್ರು, ನವೆಂಬರ್‌ನಲ್ಲಿ ಹೀನಾಯವಾಗಿ ಸೋತ್ರು, ಗೆದ್ದಿದ್ದು ಬರೀ ಆರು ರಾಜ್ಯ. ಒಂದು ಅವರ ಸ್ವಂತ ಅರಿಜೋನಾ, ಉಳಿದ ಐದೂ ದಕ್ಷಿಣದ್ದು, ಮಿಸಿಸಿಪ್ಪಿ, ಅಲಬಾಮಾ, ಜಾರ್ಜಿಯಾ, ಲೂಸಿಯಾನಾ, ಸೌತ್ ಕ್ಯಾರೊಲಿನಾ. ಸೋತ ಆ ನಕ್ಷೆಯಲ್ಲೇ ಮುಂದಿನ ದಾರಿ ಇತ್ತು. ನಿಕ್ಸನ್, ಆಮೇಲೆ ರೇಗನ್ ಅದೇ ದಾರಿಯಲ್ಲಿ ದಕ್ಷಿಣದ ಬಿಳಿಯರನ್ನ ರಿಪಬ್ಲಿಕನ್ ಪಾರ್ಟಿಗೆ ಕರ್ಕೊಂಡು ಬಂದ್ರು. ಒಂದೇ ರಾತ್ರಿಯಲ್ಲಿ ಆದ ಬದಲಾವಣೆ ಅಲ್ಲ ಇದು, ಕಾಂಗ್ರೆಸ್ ಸೀಟುಗಳಲ್ಲಿ ಪೂರ್ತಿ ಕಾಣಿಸ್ಕೊಳ್ಳೋಕೆ 1994ರವರೆಗೂ ಹಿಡೀತು.

ಕತ್ತೆ, ಆನೆ, ಕೆಂಪು, ನೀಲಿ?

ಆನೆನ ರಿಪಬ್ಲಿಕನ್ನರಿಗೆ ಅಂಟಿಸಿದ್ದು, ಕತ್ತೆನ ಡೆಮಾಕ್ರಟ್‌ಗಳಿಗೆ ಜನಪ್ರಿಯ ಮಾಡಿದ್ದು ಥಾಮಸ್ ನ್ಯಾಸ್ಟ್ ಅನ್ನೋ ವ್ಯಂಗ್ಯಚಿತ್ರಕಾರ, 1870ರ ದಶಕದಲ್ಲಿ. ಕೆಂಪು ರಿಪಬ್ಲಿಕನ್, ನೀಲಿ ಡೆಮಾಕ್ರಟ್ ಅಂತ ನಿಂತಿದ್ದು 2000ದ ಚುನಾವಣೆಯಿಂದ, ಅದಕ್ಕೆ ಮುಂಚೆ ಟಿವಿ ಚಾನಲ್‌ಗಳು ತಮಗೆ ತೋಚಿದ ಬಣ್ಣ ಹಾಕ್ತಿದ್ವು. ಜಿಒಪಿ ಅಂತ ಬರೆದಿದ್ರೆ ಅದು ರಿಪಬ್ಲಿಕನ್ ಪಾರ್ಟಿನೇ.

ಪಾರ್ಟಿ ವಿರುದ್ಧ ವೋಟ್ ಹಾಕಿದ್ರೆ ಸೀಟು ಹೋಗಲ್ವಾ?

ಹೋಗಲ್ಲ. ನಮ್ಮ 1985ರ ಪಕ್ಷಾಂತರ ನಿಷೇಧ ಕಾಯ್ದೆ ಥರದ್ದು ಇಲ್ಲಿಲ್ಲ. ವಿಪ್ ಅಂತ ಒಬ್ಬರು ಇರ್ತಾರೆ, ಅವರ ಕೆಲಸ ತಲೆ ಎಣಿಸೋದು, ಒಪ್ಪಿಸೋದು. ಅನರ್ಹ ಮಾಡೋಕೆ ಅವರಿಗೆ ಆಗಲ್ಲ.

2017ರ ಜುಲೈ 28, ರಾತ್ರಿ ಒಂದೂವರೆ ಹತ್ರ. ಒಬಾಮ ಕಾಲದ ಆರೋಗ್ಯ ವಿಮೆ ಕಾನೂನು ತೆಗೆಯೋಕೆ ರಿಪಬ್ಲಿಕನ್ನರು ಏಳು ವರ್ಷದಿಂದ ಕಾಯ್ತಿದ್ರು, ಸೆನೆಟ್‌ನಲ್ಲಿ ಅವರೇ 52 ಜನ. ಮೆದುಳು ಕ್ಯಾನ್ಸರ್ ಅಂತ ಗೊತ್ತಾಗಿ ಕೆಲವೇ ದಿನ ಆಗಿದ್ದ ರಿಪಬ್ಲಿಕನ್ ಜಾನ್ ಮೆಕೇನ್ ಎದ್ದುಬಂದು, ಕೈ ಮುಂದೆ ಚಾಚಿ ಒಂದು ಕ್ಷಣ ಹಾಗೇ ಹಿಡಿದು, ಹೆಬ್ಬೆರಳು ಕೆಳಗೆ ಮಾಡಿದ್ರು. 49ಕ್ಕೆ 51, ಬಿಲ್ ಬಿತ್ತು. ಅವರ ಜೊತೆ ಸೂಸನ್ ಕಾಲಿನ್ಸ್, ಲಿಸಾ ಮರ್ಕೌಸ್ಕಿ. ಮೂವರ ಸೀಟೂ ಹಾಗೇ ಉಳೀತು.

ಪಾರ್ಟಿನೇ ಬದಲಾಯಿಸಿದ್ರೂ ಉಪಚುನಾವಣೆ ಇಲ್ಲ. 2001ರಲ್ಲಿ ಸೆನೆಟ್ 50-50 ಇದ್ದಾಗ ವರ್ಮಾಂಟ್‌ನ ಜಿಮ್ ಜೆಫರ್ಡ್ಸ್ ರಿಪಬ್ಲಿಕನ್ ಪಾರ್ಟಿ ಬಿಟ್ರು, ಅಷ್ಟಕ್ಕೇ ಇಡೀ ಸೆನೆಟ್ ಡೆಮಾಕ್ರಟ್‌ಗಳ ಕೈಗೆ ಬಂತು. ಆದ್ರೆ ಶಿಕ್ಷೆಯೇ ಇಲ್ಲ ಅಂತಲ್ಲ, ಶಿಕ್ಷೆ ಕೊಡೋದು ಪ್ರೈಮರಿ ವೋಟರ್‌ಗಳು. ಟ್ರಂಪ್‌ನ ವಿರೋಧಿಸಿದ ರಿಪಬ್ಲಿಕನ್ ಕಾಂಗ್ರೆಸ್ ಸದಸ್ಯೆ ಲಿಜ್ ಚೇನಿ 2022ರಲ್ಲಿ ವಯೋಮಿಂಗ್ ಪ್ರೈಮರಿಯಲ್ಲಿ ದೊಡ್ಡ ಅಂತರದಲ್ಲಿ ಸೋತ್ರು. ಅದನ್ನ ನೋಡಿದ ಮೇಲೆ ಉಳಿದವರು ಬಾಯಿ ಬಿಡೋಕೆ ಹೆದರೋದು ಸಹಜ.

ಮೆಜಾರಿಟಿ ಇದ್ರೂ ಬಿಲ್ ಯಾಕೆ ಪಾಸ್ ಆಗಲ್ಲ?

ಸೆನೆಟ್‌ನ 100 ಜನದಲ್ಲಿ 51 ಸಾಲಲ್ಲ, ಹೆಚ್ಚಿನ ಬಿಲ್‌ಗಳಿಗೆ ಚರ್ಚೆ ಮುಗಿಸೋಕೇ 60 ವೋಟ್ ಬೇಕು, ಅಷ್ಟು ಸಿಗದ ಹಾಗೆ ಚರ್ಚೆ ಎಳೆದು ಬಿಲ್ ತಡೆಯೋದಕ್ಕೇ ಫಿಲಿಬಸ್ಟರ್ ಅನ್ನೋದು. ಬಜೆಟ್ ಸಂಬಂಧದ ಕೆಲವಕ್ಕೆ, ನೇಮಕಾತಿಗಳಿಗೆ ಮಾತ್ರ ವಿನಾಯಿತಿ. ಅಧ್ಯಕ್ಷ, ಸೆನೆಟ್, ಕೆಳಮನೆ ಮೂರೂ ಬೇರೆ ಬೇರೆಯಾಗಿ ಆರಿಸಿ ಬರೋದ್ರಿಂದ ಜಗಳ ಆದ್ರೆ ಸರ್ಕಾರ ಬೀಳಲ್ಲ, ಶಟ್‌ಡೌನ್ ಆಗುತ್ತೆ, ಅಂದ್ರೆ ಖರ್ಚಿಗೆ ಒಪ್ಪಿಗೆ ಸಿಗದೇ ಸರ್ಕಾರದ ಕೆಲಸ ಅರ್ಧಂಬರ್ಧ ನಿಲ್ಲುತ್ತೆ. 2018-19ರಲ್ಲಿ ಗಡಿ ಗೋಡೆ ದುಡ್ಡಿನ ಜಗಳಕ್ಕೆ 35 ದಿನ ನಡೀತು, ಏರ್‌ಪೋರ್ಟ್‌ನಲ್ಲಿ ಬ್ಯಾಗ್ ಚೆಕ್ ಮಾಡೋ ಸಿಬ್ಬಂದಿ ಸಂಬಳ ಇಲ್ಲದೇ ಕೆಲಸಕ್ಕೆ ಬರ್ತಿದ್ರು.

ಜಾಸ್ತಿ ವೋಟ್ ಬಂದವರು ಅಧ್ಯಕ್ಷ ಆಗಲ್ವಾ?

ಯಾವಾಗಲೂ ಇಲ್ಲ. ಅಧ್ಯಕ್ಷರನ್ನ ಆರಿಸೋದು ರಾಜ್ಯಗಳಿಂದ ಬರೋ ಎಲೆಕ್ಟರ್‌ಗಳು ಅನ್ನೋ ಪ್ರತಿನಿಧಿಗಳು, ಆ 538ರಲ್ಲಿ 270 ಬೇಕು, ಮೇನ್, ನೆಬ್ರಾಸ್ಕಾ ಬಿಟ್ಟು ಎಲ್ಲಾ ಕಡೆ ರಾಜ್ಯ ಗೆದ್ದವರಿಗೆ ಆ ರಾಜ್ಯದ ಅಷ್ಟೂ ಎಲೆಕ್ಟರ್‌ಗಳು. 2016ರಲ್ಲಿ ಹಿಲರಿ ಕ್ಲಿಂಟನ್‌ಗೆ ಸುಮಾರು 29 ಲಕ್ಷ ವೋಟ್ ಜಾಸ್ತಿ ಬಂದಿತ್ತು, ಅಧ್ಯಕ್ಷ ಆಗಿದ್ದು ಟ್ರಂಪ್. 2024ರಲ್ಲಿ ಟ್ರಂಪ್ ಎರಡೂ ಲೆಕ್ಕದಲ್ಲಿ ಗೆದ್ರು. ಅದಕ್ಕೇ ಎರಡೂ ಪಾರ್ಟಿಗಳ ದುಡ್ಡು, ಸಭೆ ಎಲ್ಲಾ ಪೆನ್ಸಿಲ್ವೇನಿಯಾ, ಮಿಷಿಗನ್, ವಿಸ್ಕಾನ್ಸಿನ್, ಜಾರ್ಜಿಯಾ, ಅರಿಜೋನಾ ಥರದ ಕೆಲವೇ ರಾಜ್ಯಗಳಿಗೆ ಹೋಗೋದು.

ಕ್ಷೇತ್ರದ ಗಡಿ ಎಳೆಯೋದೂ ಪಾರ್ಟಿಯವರೇ ಅಂತಾರಲ್ಲ, ನಿಜಾನಾ?

ಬಹಳ ರಾಜ್ಯಗಳಲ್ಲಿ ನಿಜ, ನನಗೆ ಈ ವ್ಯವಸ್ಥೆಯಲ್ಲಿ ಅತಿ ಹೆಚ್ಚು ಬೇಜಾರು ಮಾಡೋ ವಿಷಯ ಇದೇ. ಶಾಸನಸಭೆಯಲ್ಲಿ ಯಾರಿಗೆ ಬಹುಮತ ಇದೆಯೋ ಅವರು ತಮಗೆ ಅನುಕೂಲ ಆಗೋ ಹಾಗೆ ನಕ್ಷೆ ಬರೀತಾರೆ, ಇದಕ್ಕೆ ಜೆರಿಮ್ಯಾಂಡರಿಂಗ್ ಅಂತ ಹೆಸರು, 1812ರ ಮಸಾಚುಸೆಟ್ಸ್ ಗವರ್ನರ್ ಎಲ್ಬ್ರಿಜ್ ಗೆರಿ ಕಾಲದ್ದು. ಪಾರ್ಟಿ ಲಾಭಕ್ಕೆ ಗಡಿ ಎಳೆದ್ರೆ ಫೆಡರಲ್ ಕೋರ್ಟ್‌ಗಳು ಅದರಲ್ಲಿ ಕೈ ಹಾಕಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿಬಿಡ್ತು. 2025ರಲ್ಲಿ ಟೆಕ್ಸಾಸ್ ರಿಪಬ್ಲಿಕನ್ನರು ಜನಗಣತಿಗೂ ಕಾಯದೇ ನಕ್ಷೆ ಬದಲಾಯಿಸಿದ್ರು, ಅದಕ್ಕೆ ಪ್ರತಿಯಾಗಿ ಕ್ಯಾಲಿಫೋರ್ನಿಯಾದಲ್ಲಿ ಡೆಮಾಕ್ರಟ್‌ಗಳು ಪ್ರಾಪ್ 50 ಅನ್ನೋ ಪ್ರಸ್ತಾವನ ವೋಟಿಗೆ ತಂದು ಜನರ ಒಪ್ಪಿಗೆ ತಗೊಂಡು ತಮ್ಮ ನಕ್ಷೆ ಬದಲಾಯಿಸಿದ್ರು. ಇದರ ಫಲ ಏನಂದ್ರೆ ಬಹಳಷ್ಟು ಕ್ಷೇತ್ರಗಳಲ್ಲಿ ನವೆಂಬರ್‌ಗೆ ಅರ್ಥವೇ ಇರಲ್ಲ, ನಿಜವಾದ ಸ್ಪರ್ಧೆ ಪ್ರೈಮರಿಯಲ್ಲೇ ಮುಗಿದಿರುತ್ತೆ.

ನಾನು ಎಚ್-1ಬಿ, ನಮ್ಮೆಜಮಾನರು ಗ್ರೀನ್ ಕಾರ್ಡ್. ನಾವೇನು ಮಾಡಬಹುದು, ಏನು ಮಾಡಬಾರದು?

ಅಧ್ಯಕ್ಷ, ಕಾಂಗ್ರೆಸ್, ರಾಜ್ಯದ ಯಾವ ಚುನಾವಣೆಯಲ್ಲೂ ಇಬ್ಬರಿಗೂ ವೋಟ್ ಇಲ್ಲ. ದುಡ್ಡು ಕೊಡೋ ವಿಷಯದಲ್ಲಿ ವ್ಯತ್ಯಾಸ ಇದೆ, ಗ್ರೀನ್ ಕಾರ್ಡ್ ಇದ್ದವರು ತಮ್ಮ ಸ್ವಂತ ದುಡ್ಡಿಂದ ಅಭ್ಯರ್ಥಿಗೆ ದೇಣಿಗೆ ಕೊಡಬಹುದು, ಎಚ್-1ಬಿಯವರು ಒಂದು ಡಾಲರ್ ಕೂಡ ಕೊಡೋ ಹಾಗಿಲ್ಲ, ಊರಿನ ಮೇಯರ್ ಚುನಾವಣೆಗೂ ಇಲ್ಲ. ಸಂಬಳ ತಗೊಳ್ಳದೇ ವಾಲಂಟಿಯರ್ ಆಗಿ ಮನೆಮನೆಗೆ ಹೋಗೋದು, ಫೋನ್ ಮಾಡೋದು ಇಬ್ಬರೂ ಮಾಡಬಹುದು.

ಡ್ರೈವಿಂಗ್ ಲೈಸೆನ್ಸ್ ಮಾಡಿಸೋಕೆ ಹೋದಾಗ ಫಾರ್ಮ್‌ನಲ್ಲಿ ವೋಟರ್ ಆಗಿ ರಿಜಿಸ್ಟರ್ ಮಾಡ್ಲಾ ಅಂತ ಕೇಳ್ತಾರೆ. ಕೌಂಟರ್‌ನಲ್ಲಿ ಇರೋರು ಒಳ್ಳೇ ಮನಸ್ಸಿಂದಲೇ ಕೇಳೋದು, ನೀವು ಹೂಂ ಅನ್ನಬೇಡಿ. ಸಿಟಿಜನ್ ಅಲ್ಲದವರು ಸಿಟಿಜನ್ ಅಂತ ಬರೆದು ರಿಜಿಸ್ಟರ್ ಆದ್ರೆ ಅಥವಾ ಗೊತ್ತಿಲ್ಲದೇ ವೋಟ್ ಹಾಕಿದ್ರೂ ಗಡಿಪಾರಿನವರೆಗೂ ಹೋಗಬಹುದು.

ಸಿಟಿಜನ್ ಆದೆ. ಯಾವ ಪಾರ್ಟಿಗೆ ರಿಜಿಸ್ಟರ್ ಆಗ್ಲಿ?

ಯಾರಿಗೆ ವೋಟ್ ಹಾಕ್ಬೇಕು ಅಂತ ನಾನು ಹೇಳಲ್ಲ, ನಮ್ಮವರಲ್ಲಿ ಎರಡೂ ಕಡೆ ಇದ್ದಾರೆ, ಒಂದೇ ಮನೆಯಲ್ಲಿ ಅಣ್ಣ ತಮ್ಮ ಬೇರೆ ಬೇರೆ ಇರೋದೂ ಉಂಟು. ಆದ್ರೆ ರಿಜಿಸ್ಟರ್ ಆಗೋದಕ್ಕೂ ನವೆಂಬರ್‌ನಲ್ಲಿ ವೋಟ್ ಹಾಕೋದಕ್ಕೂ ಸಂಬಂಧ ಇಲ್ಲ, ಯಾವ ಪಾರ್ಟಿಗೆ ರಿಜಿಸ್ಟರ್ ಆಗಿದ್ರೂ ನವೆಂಬರ್‌ನಲ್ಲಿ ಯಾರಿಗೆ ಬೇಕಾದ್ರೂ ಹಾಕಬಹುದು. ಕ್ಲೋಸ್ಡ್ ಪ್ರೈಮರಿ ಇರೋ ರಾಜ್ಯದಲ್ಲಿದ್ದು ನಿಮ್ಮ ಕ್ಷೇತ್ರದಲ್ಲಿ ಒಂದೇ ಪಾರ್ಟಿ ಸದಾ ಗೆಲ್ತಿದ್ರೆ, ಆ ಪಾರ್ಟಿ ನಿಮಗೆ ಪೂರ್ತಿ ಹಿಡಿಸದೇ ಇದ್ರೂ ಅದರಲ್ಲೇ ರಿಜಿಸ್ಟರ್ ಆಗೋದು ಒಳ್ಳೇದು ಅಂತ ನನ್ನ ಅಭಿಪ್ರಾಯ, ಅಲ್ಲಿ ಇರೋರಲ್ಲಿ ಯಾರು ಉತ್ತಮ ಅಂತ ಆರಿಸೋಕಾದ್ರೂ ಆಗುತ್ತೆ.

ಪಾರ್ಟಿ ಬದಲಾಯಿಸೋ ಕೊನೇ ದಿನಾಂಕ ಒಂದೊಂದು ರಾಜ್ಯದಲ್ಲಿ ಒಂದೊಂದು ಥರ, ಕೆಲವು ಕಡೆ ಪ್ರೈಮರಿಗೆ ತಿಂಗಳುಗಟ್ಟಲೆ ಮುಂಚೆಯೇ ಮುಗಿದಿರುತ್ತೆ, ಹಾಗಾಗಿ ನಿಮ್ಮ ಕೌಂಟಿ ಚುನಾವಣಾ ಕಚೇರಿ ವೆಬ್‌ಸೈಟಲ್ಲಿ ಇವತ್ತೇ ನೋಡ್ಕೊಳ್ಳಿ. ಅಲ್ಲೇ ಸ್ಯಾಂಪಲ್ ಬ್ಯಾಲೆಟ್ ಸಿಗುತ್ತೆ. ಸೆನೆಟರ್, ಗವರ್ನರ್ ಹೆಸರು ದಾಟಿ ಕೆಳಗೆ ಇಳೀರಿ, ಜಡ್ಜ್, ಶೆರಿಫ್, ಸ್ಕೂಲ್ ಬೋರ್ಡ್ ಎಲ್ಲಾ ಇರುತ್ತೆ. ಸ್ಕೂಲ್ ಬೋರ್ಡ್ ಹೆಸರುಗಳ ಮುಂದೆ ಬಹಳ ಕಡೆ ಪಾರ್ಟಿ ಹೆಸರೇ ಬರೆದಿರಲ್ಲ, ಆದ್ರೆ ನಿಮ್ಮ ಮಕ್ಕಳ ಕ್ಲಾಸಲ್ಲಿ ಯಾವ ಪುಸ್ತಕ ಇರ್ಬೇಕು ಅನ್ನೋದನ್ನ ತೀರ್ಮಾನ ಮಾಡೋರು ಅವರೇ, ಅವರ ಬಗ್ಗೆ ಒಂದು ಸಂಜೆ ಕೂತು ಓದ್ಕೊಂಡು ಹೋಗಿ.